ಸಾಕ್ಷಿಯ ವ್ಯಾಪಾರ: ಎರಡು ಸರ್ಕಾರಿ ಕಂಪನಿಗಳ ಇತಿಹಾಸ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಾರೆ ಕಂಡುದನ್ನೂ ಒಮ್ಮೆ ಒರೆಗೆ ಹಚ್ಚಬೇಕೆಂದು ಹೇಳುವ ಈ ಮಾತಿನಲ್ಲಿ ಇಂದಿನ ವಿಧಿವಿಜ್ಞಾನದ ತಿರುಳೆಲ್ಲವೂ ಅಡಗಿದೆ. ರಕ್ತದ ಕಲೆ, ವಿಷದ ಅಂಶ, ಬೆರಳಿನ ಗುರುತು, ಕೈಬರಹ ಮುಂತಾದುವನ್ನು ಪರೀಕ್ಷಿಸಿ, ಇದ್ದುದನ್ನು ಇದ್ದಂತೆ ನ್ಯಾಯಾಲಯಕ್ಕೆ ತಿಳಿಸುವ ಶಾಸ್ತ್ರವೇ ವಿಧಿವಿಜ್ಞಾನ.

ಆದರೆ ಪ್ರಮಾಣಿಸಿ ನೋಡುವುದಕ್ಕೂ ಖರ್ಚು ತಗಲುತ್ತದೆ. ಯಂತ್ರ ಬೇಕು, ರಾಸಾಯನಿಕ ಬೇಕು, ಕಲಿತ ಪಂಡಿತರು ಬೇಕು. ಈ ವೆಚ್ಚವನ್ನು ಯಾರು ಹೊರಬೇಕು? ಸರ್ಕಾರವು ಒಂದು ಕಂಪನಿಯನ್ನು ಕಟ್ಟಿ, ಅದನ್ನು ಪೈಪೋಟಿಯ ಮಾರುಕಟ್ಟೆಯಲ್ಲಿ ನಿಲ್ಲಿಸಿ, ‘ನಿನ್ನ ಅನ್ನವನ್ನು ನೀನೇ ಸಂಪಾದಿಸಿಕೋ’ ಎಂದು ಹೇಳಬಹುದೇ? ಇಂಗ್ಲೆಂಡು ಹಾಗೆ ಹೇಳಿ ನೋಡಿತು. ೨೦೦೫ರ ಡಿಸೆಂಬರಿನಲ್ಲಿ ಕಂಪನಿಯಾದ ಅಲ್ಲಿನ ಸರ್ಕಾರಿ ವಿಧಿವಿಜ್ಞಾನ ಸಂಸ್ಥೆಯು ೨೦೧೨ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿತು. ಇತ್ತ ನಮ್ಮ ಮೈಸೂರಿನಲ್ಲಿ ೧೯೩೭ರಲ್ಲಿ ಹುಟ್ಟಿದ ಒಂದು ಕಾರ್ಖಾನೆಯು, ಸರ್ಕಾರದ ಸ್ವತ್ತಾಗಿಯೇ, ಚುನಾವಣೆಯಲ್ಲಿ ಸಾಕ್ಷಿಯಾಗಿ ನಿಲ್ಲುವ ಒಂದು ವಸ್ತುವನ್ನು ಇಂದಿಗೂ ತಯಾರಿಸುತ್ತಿದೆ. ಮೊದಲನೆಯದು ಪ್ರಯೋಗಾಲಯ, ಎರಡನೆಯದು ಬಣ್ಣ ಮತ್ತು ಮಸಿಯ ಕಾರ್ಖಾನೆ. ಇವು ಒಂದೇ ಜಾತಿಯವಲ್ಲ, ನಿಜ. ಆದರೂ ಇವೆರಡೂ ಮಾರಿದ ಸರಕು ಒಂದೇ: ನಂಬಿಕೆ. ಆದುದರಿಂದ ಇವುಗಳ ಇತಿಹಾಸವನ್ನು ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆದಿದೆ.

೧. ಅರಗಿನ ಮುದ್ರೆಯ ಕಾಲ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯು ೧೮೦೦ರಲ್ಲಿ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ದತ್ತಮಂಡಲಕ್ಕೆ ಸೇರಿದ ನೆಲ. ಅನಂತಪುರವು ೧೮೮೨ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ೧೯೫೩ರಲ್ಲಿ ಆಂಧ್ರ ರಾಜ್ಯವು ರಚಿತವಾಗುವವರೆಗೆ ಈ ಭಾಗಕ್ಕೆ ಮದ್ರಾಸೇ ರಾಜಧಾನಿ. ಆ ಮದ್ರಾಸಿನಲ್ಲಿ ೧೮೪೯ರಲ್ಲಿಯೇ ಸರ್ಕಾರವು ‘ಕೆಮಿಕಲ್ ಎಕ್ಸಾಮಿನರ್’ ಎಂಬ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯವನ್ನು ತೆರೆದಿತ್ತು. ನಮ್ಮ ದೇಶದಲ್ಲಿ ಈ ಬಗೆಯ ಪ್ರಯೋಗಾಲಯಗಳಿಗೆ ಇದೇ ಮೊದಲು. ಕಲ್ಕತ್ತೆ, ಆಗ್ರಾ, ಬೊಂಬಾಯಿಗಳಲ್ಲಿ ಇಂಥವು ಹುಟ್ಟಿದುದು ಅನಂತರ.

ಆ ಕಾಲದಲ್ಲಿ ವಿಷಪ್ರಯೋಗದ ಮೊಕದ್ದಮೆಗಳೇ ಹೆಚ್ಚು. ಪಾಷಾಣ, ಉಮ್ಮತ್ತಿಯ ಬೀಜ, ಕಣಗಿಲೆಯ ಬೇರು ಇವು ಮನುಷ್ಯರ ಮೇಲೆ. ಗುಲಗಂಜಿಯನ್ನು ಅರೆದು ಮಾಡಿದ ಮುಳ್ಳು ದನಗಳ ಮೇಲೆ. ಚರ್ಮದ ಆಸೆಗೆ ದನಗಳನ್ನು ಹೀಗೆ ಕೊಲ್ಲುತ್ತಿದ್ದುದು ಆ ದಿನಗಳ ದೊಡ್ಡ ಅಪರಾಧಗಳಲ್ಲಿ ಒಂದಾಗಿತ್ತು. ಇಂಥ ಪ್ರಸಂಗಗಳಲ್ಲಿ ಸತ್ತ ದೇಹದ ಭಾಗಗಳನ್ನು ಜಾಡಿಯಲ್ಲಿಟ್ಟು, ಬಾಯಿ ಕಟ್ಟಿ, ಅರಗಿನ ಮುದ್ರೆಯೊತ್ತಿ ಪರೀಕ್ಷಕರಿಗೆ ಕಳುಹಿಸಬೇಕಾಗಿತ್ತು. ಅರಗು ಬಿರಿದಿದ್ದರೆ ಒಳಗಿನ ವಸ್ತುವಿಗೆ ಸಾಕ್ಷಿಯ ಬೆಲೆ ಇಲ್ಲ. ಪರೀಕ್ಷೆಯ ಜಾಣ್ಮೆ ಎಷ್ಟಿದ್ದರೂ, ವಸ್ತುವು ಕೈಯಿಂದ ಕೈಗೆ ಕೆಡದೆ ಬಂದಿದೆಯೆಂಬ ಭರವಸೆ ಇಲ್ಲದಿದ್ದರೆ ಅದೆಲ್ಲ ವ್ಯರ್ಥ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅರಗಿನ ಪ್ರಸ್ತಾಪ ಮುಂದೆ ಮತ್ತೊಮ್ಮೆ ಬರಲಿದೆ.

ಬೆರಳಿನ ಗುರುತಿನ ವಿದ್ಯೆಯೂ ಬೆಳೆದುದು ನಮ್ಮ ನೆಲದಲ್ಲಿಯೇ. ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬಾತನು, ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಅಂಗೈಯ ಅಚ್ಚನ್ನು ಪಡೆದನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು ಗುರುತುಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸಲು ದುಡಿದರು. ಆ ಕ್ರಮವು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧಿಗೆ ಬಂದು, ೧೯೦೧ರಲ್ಲಿ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೂ ಹೋಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಪರೀಕ್ಷಕರೆಲ್ಲರೂ ಸಂಬಳದ ನೌಕರರು. ಒಂದು ಪರೀಕ್ಷೆಗೆ ಇಷ್ಟೆಂದು ದರಪಟ್ಟಿ ಇರಲಿಲ್ಲ. ಹೆಚ್ಚು ಜಾಡಿ ಬಂದರೆ ಲಾಭವಿಲ್ಲ, ಕಡಿಮೆ ಬಂದರೆ ನಷ್ಟವಿಲ್ಲ. ಸಾಕ್ಷಿಗೆ ಬೆಲೆ ಕಟ್ಟುವ ಯೋಚನೆ ಬಂದುದು ಬಹಳ ಕಾಲದ ಮೇಲೆ.

೨. ಇಂಗ್ಲೆಂಡಿನ ಸೇವೆಯು ಕಂಪನಿಯಾದ ಬಗೆ

ಇಂಗ್ಲೆಂಡಿನಲ್ಲಿ ೧೯೩೫ರಲ್ಲಿ ಲಂಡನ್ ಪೋಲೀಸರ ಪ್ರಯೋಗಾಲಯವು ಹೆಂಡನ್ ಎಂಬಲ್ಲಿ ಆರಂಭವಾಯಿತು. ಅಲ್ಲಿಂದ ಮುಂದೆ ಬೇರೆ ಬೇರೆ ಪಟ್ಟಣಗಳಲ್ಲಿ ಗೃಹಖಾತೆಯ ಪ್ರಯೋಗಾಲಯಗಳು ಹುಟ್ಟಿದವು. ಇವೆಲ್ಲವೂ ಅರ್ಧ ಶತಮಾನದ ಕಾಲ ಸರ್ಕಾರದ ವೆಚ್ಚದಲ್ಲಿಯೇ ನಡೆದವು. ಪೋಲೀಸರು ವಸ್ತುವನ್ನು ಕಳುಹಿಸುವರು, ಪ್ರಯೋಗಾಲಯವು ವರದಿ ಕೊಡುವುದು. ನಡುವೆ ಹಣದ ಮಾತಿಲ್ಲ.

೧೯೮೪ರ ಸೆಪ್ಟೆಂಬರಿನಲ್ಲಿ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿಯು ಡಿ.ಎನ್.ಎ. ಗುರುತಿನ ವಿಧಾನವನ್ನು ಕಂಡುಹಿಡಿದನು. ಸರ್ಕಾರಿ ಪ್ರಯೋಗಾಲಯದ ವಿಜ್ಞಾನಿಗಳು ಕೂಡಲೇ ಅವನೊಡನೆ ಸೇರಿ, ಒಣಗಿದ ಕಲೆಯಿಂದಲೂ ಈ ಗುರುತನ್ನು ತೆಗೆಯಬಹುದೆಂದು ತೋರಿಸಿದರು. ಲೆಸ್ಟರ್ ಸೀಮೆಯಲ್ಲಿ ಇಬ್ಬರು ಬಾಲಕಿಯರ ಕೊಲೆಯ ಮೊಕದ್ದಮೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮಾದರಿಗಳನ್ನು ತೆಗೆದು, ಮೊದಲು ತಪ್ಪೊಪ್ಪಿಕೊಂಡಿದ್ದ ನಿರಪರಾಧಿ ತರುಣನೊಬ್ಬನನ್ನು ಬಿಡಿಸಿ, ನಿಜವಾದ ಕೊಲೆಗಾರನಿಗೆ ೧೯೮೮ರಲ್ಲಿ ಶಿಕ್ಷೆಯಾಗುವಂತೆ ಮಾಡಿದುದು ಈ ವಿದ್ಯೆಯೇ. ಹೊಸ ವಿದ್ಯೆ ಬಂದುದರಿಂದ ಪೋಲೀಸರಿಂದ ಬರುವ ಕೆಲಸ ಹೆಚ್ಚಿತು, ವೆಚ್ಚವೂ ಏರಿತು.

ಆಗ ಸರ್ಕಾರಕ್ಕೆ ಲೆಕ್ಕದ ಯೋಚನೆ ಹುಟ್ಟಿತು. ೧೯೯೧ರಲ್ಲಿ ಪ್ರಯೋಗಾಲಯಗಳನ್ನು ಕೂಡಿಸಿ ‘ಫೊರೆನ್ಸಿಕ್ ಸೈನ್ಸ್ ಸರ್ವಿಸ್’ ಎಂಬ ಸಂಸ್ಥೆಯನ್ನಾಗಿ ಮಾಡಿ, ಪರೀಕ್ಷೆಗೆ ಇಂತಿಷ್ಟೆಂದು ಪೋಲೀಸರಿಂದ ಶುಲ್ಕ ಪಡೆಯಬೇಕೆಂದು ಗೊತ್ತುಮಾಡಲಾಯಿತು. ೧೯೯೫ರಲ್ಲಿ ಜಗತ್ತಿನ ಮೊದಲ ರಾಷ್ಟ್ರೀಯ ಡಿ.ಎನ್.ಎ. ಸಂಗ್ರಹವನ್ನು ಈ ಸಂಸ್ಥೆಯೇ ಆರಂಭಿಸಿತು. ೧೯೯೬ರಲ್ಲಿ ಲಂಡನ್ ಪೋಲೀಸರ ಪ್ರಯೋಗಾಲಯವೂ ಇದರಲ್ಲಿ ಸೇರಿತು. ೧೯೯೯ರಲ್ಲಿ ಇದು ತನ್ನ ಆದಾಯದಿಂದಲೇ ತನ್ನ ವೆಚ್ಚ ನೋಡಿಕೊಳ್ಳುವ ವ್ಯಾಪಾರ ನಿಧಿಯಾಯಿತು. ೨೦೦೫ರ ಡಿಸೆಂಬರಿನಲ್ಲಿ ಪೂರ್ಣವಾಗಿ ಸರ್ಕಾರದ ಒಡೆತನದ ಲಿಮಿಟೆಡ್ ಕಂಪನಿಯಾಯಿತು. ಹೀಗೆ ಹದಿನಾಲ್ಕು ವರ್ಷಗಳಲ್ಲಿ ಒಂದು ಸೇವೆಯು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅಂಗಡಿಯಾಯಿತು.

ಅಷ್ಟರಲ್ಲಿ ಖಾಸಗಿ ಪ್ರಯೋಗಾಲಯಗಳೂ ಕಣಕ್ಕೆ ಇಳಿದಿದ್ದವು. ಇವುಗಳಿಂದ ಉಪಕಾರವೇ ಆಗಲಿಲ್ಲವೆಂದರೆ ಅನ್ಯಾಯದ ಮಾತಾದೀತು. ೨೦೦೦ದ ನವೆಂಬರಿನಲ್ಲಿ ಲಂಡನ್ನಿನ ಪೆಕ್ಹಮ್ ಎಂಬಲ್ಲಿ ಡಮಿಲೋಲಾ ಟೇಲರ್ ಎಂಬ ಹತ್ತು ವರ್ಷದ ಬಾಲಕನ ಕೊಲೆಯಾಯಿತು. ಆರೋಪಿಯ ಬೂಟಿನ ಮೇಲಿದ್ದ ರಕ್ತದ ಕಲೆಯು ಸರ್ಕಾರಿ ಸಂಸ್ಥೆಯ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳದೆ ಹೋಯಿತು. ಖಾಸಗಿ ಪ್ರಯೋಗಾಲಯವೊಂದು ಮತ್ತೆ ಪರೀಕ್ಷಿಸಿದಾಗ ಅದು ದೊರೆಯಿತು. ೨೦೦೬ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು. ಎರಡನೆಯ ಕಣ್ಣೊಂದು ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಸರ್ಕಾರದ್ದೆಲ್ಲ ಶ್ರೇಷ್ಠ, ಖಾಸಗಿಯೆಲ್ಲ ಕನಿಷ್ಠ ಎಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ.

೩. ತಕ್ಕಡಿಯವನ ಸಂಕಟ

ಹಾಗಾದರೆ ಕಂಪನಿಯು ಏಕೆ ಸೋತಿತು? ನಮಗೆ ಪರಿಚಿತವಾದ ಒಂದು ಸ್ಥಳದಿಂದ ಇದನ್ನು ವಿವರಿಸಬಹುದು. ಹಿಂದೂಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ರೈತನು ಗೂಡು ತರುತ್ತಾನೆ, ರೀಲರು ಕೊಳ್ಳುತ್ತಾನೆ. ಹರಾಜಿನಲ್ಲಿ ಇಬ್ಬರೂ ತಮ್ಮ ತಮ್ಮ ಲಾಭವನ್ನು ನೋಡಿಕೊಳ್ಳುತ್ತಾರೆ. ಅದು ವ್ಯಾಪಾರ, ನ್ಯಾಯವೇ. ಆದರೆ ತೂಕ ಮಾತ್ರ ಮಾರುಕಟ್ಟೆಯ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಆಗಬೇಕು. ತೂಕದವನೂ ಹರಾಜಿಗೆ ನಿಂತು, ‘ನನ್ನ ತಕ್ಕಡಿಗೆ ಕೂಲಿ ಕಡಿಮೆ, ನನ್ನಲ್ಲಿಗೆ ಬನ್ನಿ’ ಎಂದು ರೀಲರನ್ನು ಮಾತ್ರ ಕರೆಯತೊಡಗಿದರೆ ಏನಾದೀತು? ಅವನು ಮೋಸಗಾರನಾಗಬೇಕಾಗಿಲ್ಲ. ಕೂಲಿ ಇಳಿದಂತೆ ಅವನು ತಕ್ಕಡಿಯನ್ನು ಒರಸುವುದನ್ನು ಬಿಡುತ್ತಾನೆ, ಬಟ್ಟನ್ನು ಪರೀಕ್ಷೆಗೆ ಕಳುಹಿಸುವುದನ್ನು ಮುಂದೂಡುತ್ತಾನೆ, ಎರಡು ಸಲ ತೂಗಬೇಕಾದುದನ್ನು ಒಂದೇ ಸಲಕ್ಕೆ ಮುಗಿಸುತ್ತಾನೆ. ಕೊನೆಗೆ ನಷ್ಟ ತಗಲುವುದು ಕೂಲಿ ಕೊಡುವ ಜಾಗದಲ್ಲಿ ಇಲ್ಲದ ರೈತನಿಗೆ.

ಇಂಗ್ಲೆಂಡಿನಲ್ಲಿ ಆದುದು ಬಹುಮಟ್ಟಿಗೆ ಇದೇ. ಸಾಕ್ಷಿಯ ಮಾರುಕಟ್ಟೆಯಲ್ಲಿ ಮಾರುವವರು ಹಲವರು. ಕೊಳ್ಳುವವರು ಬಹುತೇಕ ಪೋಲೀಸರು ಮಾತ್ರ. ಇಂಗ್ಲೆಂಡು ಮತ್ತು ವೇಲ್ಸಿನ ನಲವತ್ತಮೂರು ಪೋಲೀಸ್ ಪಡೆಗಳು ಒಟ್ಟುಗೂಡಿ ಟೆಂಡರು ಕರೆಯತೊಡಗಿದವು. ಒಂದು ಮೊಕದ್ದಮೆಯನ್ನು ಇಡಿಯಾಗಿ ಒಬ್ಬ ವಿಜ್ಞಾನಿಯ ಮುಂದಿಡುವ ಬದಲು, ಇಷ್ಟು ಮಾದರಿಗೆ ಇಷ್ಟು ಬೆಲೆ ಎಂದು ಪರೀಕ್ಷೆಗಳನ್ನು ಬಿಡಿಬಿಡಿಯಾಗಿ ಕೊಳ್ಳುವ ಪದ್ಧತಿ ಬಲವಾಯಿತು. ಸುಲಭವಾದ, ದೊಡ್ಡ ಸಂಖ್ಯೆಯ ಕೆಲಸಗಳು ಅಗ್ಗದ ದರ ಹೇಳಿದವರಿಗೆ ಹೋದವು. ಅಷ್ಟೇ ಅಲ್ಲದೆ, ಪೋಲೀಸರು ತಮ್ಮದೇ ಕೋಣೆಗಳಲ್ಲಿ ಎಷ್ಟೋ ಪರೀಕ್ಷೆಗಳನ್ನು ನಡೆಸಿಕೊಳ್ಳಲು ಆರಂಭಿಸಿದರು. ಆದುದರಿಂದ ಪ್ರಯೋಗಾಲಯಗಳ ಪಾಲಿಗೆ ಪೈಪೋಟಿ ಹೆಚ್ಚಿತು, ಮಾರುಕಟ್ಟೆ ಮಾತ್ರ ಕುಗ್ಗಿತು.

ಸರ್ಕಾರಿ ಕಂಪನಿಯ ತಲೆಯ ಮೇಲಾದರೋ ಬೇರೆಯವರಿಗಿಲ್ಲದ ಹೊರೆಗಳಿದ್ದವು. ಹೊಸ ವಿಧಾನಗಳ ಸಂಶೋಧನೆ, ಲಾಭವಿಲ್ಲದ ಕಠಿಣ ಮೊಕದ್ದಮೆಗಳು, ಹಲವು ಊರುಗಳಲ್ಲಿ ಹರಡಿದ ಪ್ರಯೋಗಾಲಯಗಳು, ದಶಕಗಳ ಕಾಲ ಕೂಡಿಟ್ಟ ಕಡತಗಳ ಭಂಡಾರ ಇವೆಲ್ಲವೂ ಅದರ ಪಾಲು. ಓಟದ ಪಂದ್ಯದಲ್ಲಿ ಒಬ್ಬನ ಬೆನ್ನಿಗೆ ಮಾತ್ರ ಮೂಟೆ ಕಟ್ಟಿ, ಅವನು ಹಿಂದೆ ಬಿದ್ದುದಕ್ಕೆ ಸೋಮಾರಿಯೆಂದು ಹೆಸರಿಟ್ಟಂತಾಯಿತು. ೨೦೦೯ರಲ್ಲಿ ಸರ್ಕಾರವು ಐದು ಕೋಟಿ ಪೌಂಡುಗಳನ್ನು ಕೊಟ್ಟು ಕಂಪನಿಯನ್ನು ಚಿಕ್ಕದು ಮಾಡಿಸಿತು. ಕೆಲವು ಪ್ರಯೋಗಾಲಯಗಳನ್ನು ಮುಚ್ಚುವುದೆಂದು ಗೊತ್ತಾಯಿತು. ಅದೂ ಸಾಲದಾಯಿತು. ತಿಂಗಳಿಗೆ ಸುಮಾರು ಇಪ್ಪತ್ತು ಲಕ್ಷ ಪೌಂಡು ನಷ್ಟವೆಂದು ಲೆಕ್ಕ ತೋರಿಸಿ, ಕಂಪನಿಯನ್ನು ಮುಚ್ಚುವ ನಿರ್ಧಾರವನ್ನು ೨೦೧೦ರ ಡಿಸೆಂಬರ್ ೧೪ರಂದು ಸರ್ಕಾರವು ಪ್ರಕಟಿಸಿತು.

ಇಲ್ಲಿ ಒಡೆಯನೂ ಸರ್ಕಾರವೇ, ಗಿರಾಕಿಯೂ ಸರ್ಕಾರದ ಹಣದಿಂದ ನಡೆಯುವ ಪೋಲೀಸರೇ ಎಂಬುದನ್ನು ಗಮನಿಸಬೇಕು. ಬಲಗೈಯು ಬೆಲೆ ಇಳಿಸಿತು, ಎಡಗೈಯು ನಷ್ಟ ಎಣಿಸಿತು.

೪. ಮುಚ್ಚಿದ ಮೇಲೆ

ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯ ವಿಜ್ಞಾನ ಸಮಿತಿಯು ೨೦೧೧ರಲ್ಲಿ ಈ ನಿರ್ಧಾರವನ್ನು ವಿಚಾರಣೆಗೆ ತೆಗೆದುಕೊಂಡು, ಲೆಕ್ಕವನ್ನು ನೋಡಿದಷ್ಟು ನ್ಯಾಯದ ಮೇಲಿನ ಪರಿಣಾಮವನ್ನು ನೋಡಲಿಲ್ಲವೆಂದು ಸರ್ಕಾರವನ್ನು ಟೀಕಿಸಿತು. ಆದರೂ ೨೦೧೨ರ ಮಾರ್ಚ್ ೩೧ಕ್ಕೆ ಬಾಗಿಲು ಮುಚ್ಚಿತು. ಸಾವಿರಾರು ನೌಕರರಲ್ಲಿ ಕೆಲವರು ಖಾಸಗಿ ಪ್ರಯೋಗಾಲಯಗಳಿಗೆ, ಕೆಲವರು ಪೋಲೀಸ್ ಇಲಾಖೆಗೆ ಹೋದರು. ಎಷ್ಟೋ ಮಂದಿ ಆ ವಿದ್ಯೆಯನ್ನೇ ಬಿಟ್ಟರು. ಕಡತಗಳ ಭಂಡಾರವನ್ನು ಮಾತ್ರ ಬರ್ಮಿಂಗ್‌ಹಮ್ಮಿನಲ್ಲಿ ಸರ್ಕಾರವೇ ಉಳಿಸಿಕೊಂಡಿತು. ಹಳೆಯ ಕೊಲೆಯ ಬಟ್ಟೆಯ ಚೂರು ಇಪ್ಪತ್ತು ವರ್ಷಗಳ ಮೇಲೆ ನಿರಪರಾಧಿಯೊಬ್ಬನನ್ನು ಬಿಡಿಸಬಹುದೆಂಬುದು ಅವರಿಗೂ ಗೊತ್ತಿದ್ದಿತು.

ಮುಂದಿನ ವರ್ಷಗಳು ಸುಖವಾಗಿ ಕಳೆಯಲಿಲ್ಲ. ೨೦೧೭ರಲ್ಲಿ ಮ್ಯಾಂಚೆಸ್ಟರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ವಿಷ ಮತ್ತು ಮಾದಕವಸ್ತುಗಳ ಪರೀಕ್ಷೆಯ ಅಂಕಿಗಳನ್ನು ತಿದ್ದಿರಬಹುದೆಂಬ ಸಂಶಯ ಬಯಲಾಗಿ, ಸುಮಾರು ಹತ್ತು ಸಾವಿರ ಪ್ರಕರಣಗಳನ್ನು ಮರುಪರಿಶೀಲಿಸಬೇಕಾಯಿತು. ೨೦೧೮ರ ಜನವರಿಯಲ್ಲಿ ಇನ್ನೊಂದು ಖಾಸಗಿ ಕಂಪನಿಯು ದಿವಾಳಿಯ ಅಂಚಿಗೆ ಬಂದಾಗ, ನಡೆಯುತ್ತಿದ್ದ ಮೊಕದ್ದಮೆಗಳು ಕೆಡದಂತೆ ಸರ್ಕಾರ ಮತ್ತು ಪೋಲೀಸರು ಹಣ ಕೊಟ್ಟು ಕೆಲಸ ನಡೆಸಬೇಕಾಯಿತು. ನಷ್ಟವನ್ನು ಹೊರಲಾರೆನೆಂದು ಸ್ವಂತ ಕಂಪನಿಯನ್ನು ಮುಚ್ಚಿದ ಸರ್ಕಾರವೇ ಆರು ವರ್ಷಗಳ ಮೇಲೆ ಪರರ ಕಂಪನಿಗೆ ಹೆಗಲು ಕೊಟ್ಟಿತು. ೨೦೧೯ರಲ್ಲಿ ಅಲ್ಲಿನ ಮೇಲ್ಮನೆಯ ಸಮಿತಿಯು ದೇಶದ ವಿಧಿವಿಜ್ಞಾನವು ಇಳಿಮುಖವಾಗಿದೆಯೆಂದು ವರದಿಮಾಡಿತು. ಕೊನೆಗೆ ೨೦೨೧ರಲ್ಲಿ ಗುಣಮಟ್ಟದ ನಿಯಂತ್ರಕರಿಗೆ ಕಾನೂನಿನ ಬಲ ಕೊಡುವ ಶಾಸನವೊಂದು ಬಂದಿತು.

ನಮ್ಮಲ್ಲಿಯೂ ಸರ್ಕಾರಿ ಕಂಪನಿಗಳು ಮುಚ್ಚಿವೆ. ೧೯೬೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆಯನ್ನು ೨೦೧೬ರಲ್ಲಿ ನಿಲ್ಲಿಸುವುದೆಂದು ತೀರ್ಮಾನವಾದಾಗ ಎಷ್ಟೋ ಮನೆಗಳಲ್ಲಿ ವ್ಯಸನಪಟ್ಟರು. ಆದರೆ ಒಂದು ಗಡಿಯಾರ ಹೋದರೆ ಇನ್ನೊಂದು ಗಡಿಯಾರ ಸಿಗುತ್ತದೆ. ಅದು ಸರಿಯಾದ ವೇಳೆ ತೋರಿಸುವುದೋ ಇಲ್ಲವೋ ಎಂಬುದನ್ನು ಕೊಂಡವನೇ ಮರುದಿನ ತಿಳಿಯಬಲ್ಲನು. ಸಾಕ್ಷಿಯ ವಿಷಯ ಹಾಗಲ್ಲ. ವರದಿಯು ತಪ್ಪಾಗಿದ್ದರೆ ಕೊಂಡ ಪೋಲೀಸರಿಗೆ ಅದು ತಿಳಿಯದೆಯೇ ಇರಬಹುದು. ತಿಳಿಯುವವನು ಸೆರೆಮನೆಯಲ್ಲಿ ಕುಳಿತ ನಿರಪರಾಧಿ, ಅವನು ಗಿರಾಕಿಯಲ್ಲ.

೫. ಮೈಸೂರಿನ ಮಸಿ

ಈಗ ನಮ್ಮ ಕಡೆಯ ಕಥೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ಕಾರ್ಖಾನೆ ತೆರೆಯುವ ಸಂಪ್ರದಾಯವು ವಿಶ್ವೇಶ್ವರಯ್ಯನವರ ಕಾಲದಿಂದ ಬೆಳೆದುದು. ಗಂಧದ ಎಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ ಇವೆಲ್ಲ ಆ ಸಂಪ್ರದಾಯದ ಫಲಗಳು. ಅದೇ ಸಾಲಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ೧೯೩೭ರಲ್ಲಿ ಮೈಸೂರು ನಗರದಲ್ಲಿ ‘ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಸ್ಥಾಪಿತವಾಯಿತು. ಕಾಡಿನ ಅರಗನ್ನು ಕೊಂಡು ಬಣ್ಣ, ಮೆರುಗೆಣ್ಣೆ, ಮುದ್ರೆಯ ಅರಗು ಮುಂತಾದುವನ್ನು ಮಾಡುವುದು ಅದರ ಕಸುಬು. ೧೯೪೭ರಲ್ಲಿ ಅದು ಸರ್ಕಾರದ ಉದ್ಯಮವಾಯಿತು. ೧೯೮೯ರಲ್ಲಿ ‘ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್’ ಎಂದು ಹೆಸರು ಬದಲಾಯಿತು.

ಬಣ್ಣದ ವ್ಯಾಪಾರದಲ್ಲಿ ಈ ಕಂಪನಿಗೆ ದೊಡ್ಡ ದೊಡ್ಡ ಖಾಸಗಿ ಕಂಪನಿಗಳೊಡನೆ ಪೈಪೋಟಿ. ಗೋಡೆಗೆ ಬಳಿಯುವ ಬಣ್ಣವನ್ನು ಮಾತ್ರ ನೆಚ್ಚಿಕೊಂಡಿದ್ದರೆ ಇದರ ಹೆಸರನ್ನು ಇಂದು ಎಷ್ಟು ಮಂದಿ ಕೇಳಿರುತ್ತಿದ್ದರೋ ಹೇಳುವುದು ಕಷ್ಟ. ಅದಕ್ಕೆ ಕೀರ್ತಿ ತಂದುದು ಒಂದು ಪುಟ್ಟ ಸೀಸೆಯ ಮಸಿ.

೧೯೫೧–೫೨ರ ಮೊದಲ ಮಹಾಚುನಾವಣೆಯಿಂದಲೇ ಮತದಾರರ ಬೆರಳಿಗೆ ಅಳಿಸಲಾಗದ ಮಸಿಯನ್ನು ಹಚ್ಚುವ ಪದ್ಧತಿ ಇದೆ. ಒಬ್ಬನೇ ಎರಡು ಸಲ, ಅಥವಾ ಇನ್ನೊಬ್ಬರ ಹೆಸರಿನಲ್ಲಿ, ಮತ ಹಾಕದಂತೆ ತಡೆಯುವುದು ಅದರ ಉದ್ದೇಶ. ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಮಸಿಯ ಸೂತ್ರವನ್ನು ಸಿದ್ಧಪಡಿಸಿತು. ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮದ ಮೂಲಕ ತಯಾರಿಕೆಯ ಹಕ್ಕು ಮೈಸೂರಿನ ಕಾರ್ಖಾನೆಗೆ ದೊರೆಯಿತು. ೧೯೬೨ರ ಮೂರನೆಯ ಮಹಾಚುನಾವಣೆಯಿಂದ ಚುನಾವಣಾ ಆಯೋಗಕ್ಕೆ ಮಸಿ ಒದಗಿಸುವ ಭಾರ ಈ ಕಾರ್ಖಾನೆಯದಾಯಿತು.

ಇದರ ಗುಟ್ಟು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದಲ್ಲಿದೆ. ಚರ್ಮದ ಮೇಲಿನ ಉಪ್ಪಿನೊಡನೆ ಸೇರಿ ಅದು ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಬೆಳಕು ಬಿದ್ದಂತೆ ಬೆಳ್ಳಿಯ ಸೂಕ್ಷ್ಮ ಕಣಗಳು ಹೊರಬಿದ್ದು ಗುರುತು ಕಪ್ಪಾಗುತ್ತದೆ. ಸಾಬೂನು, ಎಣ್ಣೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಚರ್ಮದ ಮೇಲ್ಪದರ ಉದುರಿ, ಉಗುರು ಬೆಳೆದು ಮುಂದೆ ಸಾಗಿದಾಗಲೇ ಅದು ಮರೆಯಾಗಬೇಕು. ಬೆಳಕಿಗೆ ಕೆಡುವ ವಸ್ತುವಾದುದರಿಂದ ಇದನ್ನು ಬಣ್ಣದ ಸೀಸೆಯಲ್ಲಿ ತುಂಬುತ್ತಾರೆ. ಹತ್ತು ಮಿಲಿಲೀಟರಿನ ಒಂದು ಸೀಸೆಯು ಸುಮಾರು ಏಳುನೂರು ಮಂದಿಗೆ ಸಾಕು. ೨೦೦೬ರಿಂದ ಎಡಗೈಯ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಬುಡದವರೆಗೆ ಗೆರೆ ಎಳೆಯುವುದೆಂದು ನಿಯಮವಾಗಿದೆ.

೨೦೨೪ರ ಲೋಕಸಭಾ ಚುನಾವಣೆಗೆ ಈ ಕಾರ್ಖಾನೆಯು ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಸೀಸೆಗಳನ್ನು ಒದಗಿಸಿತು. ಬೆಲೆ ಸುಮಾರು ಐವತ್ತೈದು ಕೋಟಿ ರೂಪಾಯಿ. ಆಗ ದೇಶದಲ್ಲಿದ್ದ ಮತದಾರರು ಸುಮಾರು ತೊಂಬತ್ತಾರು ಕೋಟಿ ಎಂಬತ್ತು ಲಕ್ಷ. ಭಾಗಿಸಿ ನೋಡಿದರೆ ತಲೆಗೆ ಅರುವತ್ತು ಪೈಸೆಯೂ ಬೀಳುವುದಿಲ್ಲ. ಒಂದು ಮತದ ಸಾಕ್ಷಿಗೆ ಇದಕ್ಕಿಂತ ಅಗ್ಗದ ಬೆಲೆ ಉಂಟೇ?

ಹೊರದೇಶಗಳ ಮಾರುಕಟ್ಟೆಯಲ್ಲಿ ಈ ಕಂಪನಿಗೆ ಪ್ರತಿಸ್ಪರ್ಧಿಗಳಿದ್ದಾರೆ. ಹೈದರಾಬಾದಿನ ಖಾಸಗಿ ತಯಾರಕರೇ ಹಲವು ದೇಶಗಳಿಗೆ ಇಂಥ ಮಸಿಯನ್ನು ಕಳುಹಿಸುತ್ತಾರೆ. ಹೀಗಿದ್ದರೂ ಮೈಸೂರಿನ ಮಸಿಯು ನೇಪಾಳ, ಕಾಂಬೋಡಿಯ, ದಕ್ಷಿಣ ಆಫ್ರಿಕ ಮೊದಲಾದ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ಮಸಿಯ ಗುಣ ಕೆಟ್ಟರೆ ಏನಾಗುವುದೆಂಬುದಕ್ಕೂ ಜಗತ್ತಿನಲ್ಲಿ ನಿದರ್ಶನಗಳುಂಟು. ೨೦೦೪ರಲ್ಲಿ ಆಫ್ಘಾನಿಸ್ತಾನದ ಅಧ್ಯಕ್ಷರ ಚುನಾವಣೆಯ ದಿನ, ಬೆರಳಿನ ಗುರುತು ತೊಳೆದರೆ ಹೋಗುತ್ತದೆಂಬ ದೂರು ಎದ್ದು, ಹಲವು ಅಭ್ಯರ್ಥಿಗಳು ಚುನಾವಣೆಯನ್ನೇ ಬಹಿಷ್ಕರಿಸುವುದಾಗಿ ಹೇಳಿದರು. ೨೦೧೩ರಲ್ಲಿ ಮಲೇಷ್ಯದಲ್ಲಿಯೂ ಮಸಿ ಅಳಿಸಿಹೋಯಿತೆಂದು ದೊಡ್ಡ ವಿವಾದವಾಯಿತು. ಒಂದು ಸೀಸೆಯ ಮಸಿಯನ್ನು ನಂಬಲಾಗದಿದ್ದರೆ ಒಂದು ದೇಶದ ಫಲಿತಾಂಶವನ್ನೇ ನಂಬಲಾಗದು.

೬. ಎರಡರ ತುಲನೆ

ಮೈಸೂರಿನ ಕಂಪನಿಯು ಉಳಿದುದಕ್ಕೂ ಇಂಗ್ಲೆಂಡಿನದು ಅಳಿದುದಕ್ಕೂ ಕಾರಣ ನೌಕರರ ಜಾಣತನವೊಂದೇ ಅಲ್ಲ. ಡಿ.ಎನ್.ಎ. ವಿದ್ಯೆಯನ್ನು ನ್ಯಾಯಾಲಯಕ್ಕೆ ತಂದವರು ಜಾಣರಲ್ಲವೆಂದು ಯಾರು ಹೇಳಿಯಾರು? ಭೇದವಿರುವುದು ಕೊಳ್ಳುವವನ ರೀತಿಯಲ್ಲಿ.

ಚುನಾವಣಾ ಆಯೋಗವು ಮಸಿಯನ್ನು ಕೊಳ್ಳುವಾಗ ಪ್ರತಿ ಜಿಲ್ಲೆಯೂ ತನಗೆ ಅಗ್ಗವಾದುದನ್ನು ತರಿಸಿಕೊಳ್ಳಲಿ ಎಂದು ಬಿಡಲಿಲ್ಲ. ಸೂತ್ರವನ್ನು ರೂಪಿಸಿದುದು ಒಂದು ಸಂಸ್ಥೆ, ತಯಾರಿಸುವುದು ಇನ್ನೊಂದು, ಬಳಸುವುದು ಮತ್ತೊಂದು. ಮಾರುವವನೇ ಗುಣವನ್ನು ನಿರ್ಣಯಿಸುವ ಪ್ರಮೇಯವಿಲ್ಲ. ಇಂಗ್ಲೆಂಡಿನಲ್ಲಿ ಗುಣದ ನಿಯಂತ್ರಕರಿಗೆ ಕಾನೂನಿನ ಅಧಿಕಾರ ಬರುವ ಹೊತ್ತಿಗೆ ಸರ್ಕಾರಿ ಕಂಪನಿ ಮುಚ್ಚಿ ಒಂಬತ್ತು ವರ್ಷಗಳಾಗಿದ್ದವು. ಪೈಪೋಟಿ ಮೊದಲು ಬಂದಿತು, ಬಟ್ಟಿನ ಪರೀಕ್ಷೆ ಅನಂತರ ಬಂದಿತು.

ಆದರೂ ಮೈಸೂರಿನ ಮಾದರಿಯಲ್ಲಿ ದೋಷವೇ ಇಲ್ಲವೆಂದು ಹೊಗಳಲಾಗದು. ಒಬ್ಬನೇ ಕೊಳ್ಳುವವನು, ಒಬ್ಬನೇ ಮಾರುವವನು ಎಂಬಲ್ಲಿ ಆಲಸ್ಯ ಬೆಳೆಯಲು ಎಡೆಯುಂಟು. ದೊಡ್ಡ ಚುನಾವಣೆ ಬಂದ ವರ್ಷದ ಆದಾಯವು ಚುನಾವಣೆ ಇಲ್ಲದ ವರ್ಷ ಬರಲಾರದು. ಮಸಿಯು ಒಂದೇ ಬಗೆಯ ವಸ್ತುವಾದುದರಿಂದ ಅದರ ಗುಣವನ್ನು ಸುಲಭವಾಗಿ ಪರೀಕ್ಷಿಸಬಹುದು; ವಿಧಿವಿಜ್ಞಾನದಲ್ಲಿ ಪ್ರತಿಯೊಂದು ಮೊಕದ್ದಮೆಯೂ ಹೊಸದು. ಹೀಗಾಗಿ ಮೈಸೂರಿನ ಪಾಠವನ್ನು ಹಾಗೆಯೇ ಪ್ರಯೋಗಾಲಯಕ್ಕೆ ಅಂಟಿಸಲಾಗದು. ತಿರುಳನ್ನು ಮಾತ್ರ ತೆಗೆದುಕೊಳ್ಳಬೇಕು. ಆ ತಿರುಳು ಇಷ್ಟು: ಸಾಕ್ಷಿಯನ್ನು ಕೊಳ್ಳುವಾಗ ಗುಣವನ್ನು ಮೊದಲು ಗೊತ್ತುಮಾಡಿ, ಬೆಲೆಯ ಮಾತನ್ನು ಅನಂತರ ಆಡಬೇಕು.

ಈ ವಿಚಾರವು ನಮಗೆ ದೂರದ್ದೇನಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೬ನೆಯ ವಿಧಿಯಂತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯವನ್ನು ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಅವಕಾಶವಿದೆ. ಹಾಗೆಂದರೆ ಆಂಧ್ರಪ್ರದೇಶಕ್ಕೂ ಕರ್ನಾಟಕಕ್ಕೂ ನೂರಾರು ತಜ್ಞರು, ಹತ್ತಾರು ಪ್ರಯೋಗಾಲಯಗಳು ಬೇಕಾಗುತ್ತವೆ. ಖಾಸಗಿಯವರೂ ಈಗಾಗಲೇ ಈ ಕ್ಷೇತ್ರದಲ್ಲಿದ್ದಾರೆ. ಹೈದರಾಬಾದಿನಲ್ಲಿ ೨೦೦೭ರಲ್ಲಿಯೇ ‘ಟ್ರೂತ್ ಲ್ಯಾಬ್ಸ್’ ಎಂಬ ಸರ್ಕಾರೇತರ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರು ರಾಜ್ಯದ ಸರ್ಕಾರಿ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಕೆ.ಪಿ.ಸಿ. ಗಾಂಧಿಯವರು. ಕೆಲಸದ ಹೊರೆ ಏರಿದಂತೆ, ‘ಪ್ರಯೋಗಾಲಯಗಳನ್ನು ಕಂಪನಿ ಮಾಡೋಣ, ಟೆಂಡರು ಕರೆಯೋಣ’ ಎಂಬ ಮಾತು ನಮ್ಮಲ್ಲಿಯೂ ಕೇಳಿಬರುವುದು ಸಹಜ. ಆಗ ಇಂಗ್ಲೆಂಡಿನ ಆ ಇಪ್ಪತ್ತು ವರ್ಷಗಳ ಕಥೆ ನಮ್ಮವರ ನೆನಪಿನಲ್ಲಿರಬೇಕು.

ಅದಕ್ಕೆ ಮೂರು ಮಾತುಗಳು ಸಾಕು. ಮೊದಲನೆಯದು, ಸಂಶೋಧನೆ ಮತ್ತು ಕಡತಗಳ ರಕ್ಷಣೆ ಇವುಗಳ ವೆಚ್ಚವನ್ನು ಪರೀಕ್ಷೆಯ ಶುಲ್ಕದಲ್ಲಿ ಅಡಗಿಸದೆ ಸರ್ಕಾರವು ಬೇರೆಯಾಗಿಯೇ ಕೊಡಬೇಕು. ಎರಡನೆಯದು, ಪ್ರಯೋಗಾಲಯವು ಪೋಲೀಸರ ಕೃಪೆಯಲ್ಲಿ ಬದುಕುವಂತಾಗಬಾರದು. ಆರೋಪಿಯ ಕಡೆಯವರಿಗೂ ಎರಡನೆಯ ಪರೀಕ್ಷೆಯನ್ನು ಕೇಳುವ ದಾರಿ ಇರಬೇಕು. ಮೂರನೆಯದು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ತಕ್ಕಡಿಗಳಿಗೂ ಒಂದೇ ಬಟ್ಟು ಇರಬೇಕು. ಆ ಬಟ್ಟನ್ನು ಪರೀಕ್ಷಿಸುವವನು ಯಾವ ತಕ್ಕಡಿಯ ಒಡೆಯನೂ ಆಗಿರಕೂಡದು.

ಕೊನೆಯದಾಗಿ ನಮ್ಮ ಗಡಿಯ ಒಂದು ವಿಷಯವನ್ನು ಹೇಳಿ ಮುಗಿಸಬಹುದು. ಕರ್ನಾಟಕದ ಪಾವಗಡ ತಾಲ್ಲೂಕು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿದೆ. ಅದರ ಉತ್ತರಕ್ಕೆ ಕಲ್ಯಾಣದುರ್ಗ, ಆಗ್ನೇಯಕ್ಕೆ ಹಿಂದೂಪುರ. ನೆಂಟಸ್ತನ, ಹೊಲ, ಸಂತೆ ಎಲ್ಲವೂ ಗೆರೆಯ ಎರಡೂ ಕಡೆ ಹರಡಿರುವ ಸೀಮೆ ಇದು. ೨೦೨೪ರಲ್ಲಿ ಪಾವಗಡದವರು ಏಪ್ರಿಲ್ ೨೬ರಂದು ಮತ ಹಾಕಿದರು. ಹಿಂದೂಪುರ, ಕಲ್ಯಾಣದುರ್ಗಗಳವರು ಮೇ ೧೩ರಂದು. ನಡುವೆ ಹದಿನೇಳು ದಿನ. ಎರಡು ಕಡೆಯ ಪಟ್ಟಿಯಲ್ಲಿಯೂ ಹೆಸರುಳ್ಳವನೊಬ್ಬನು ಇತ್ತಲೂ ಬಂದು ನಿಂತಿದ್ದರೆ, ಮತಗಟ್ಟೆಯ ಅಧಿಕಾರಿಯು ನಿಯಮದಂತೆ ಅವನ ಎಡಗೈಯನ್ನು ನೋಡುವನು. ಉಗುರಿನ ಮೇಲಿನ ಗೆರೆ ಅಲ್ಲಿಯೇ ಇರುವುದು. ಆ ಅಧಿಕಾರಿಯಾಗಿ ಕುಳಿತಿರುವವರು ಎಷ್ಟೋ ಕಡೆ ನಮ್ಮ ಶಾಲೆಗಳ ಉಪಾಧ್ಯಾಯರೇ. ಅವರ ಕೈಯಲ್ಲಿರುವ ಸೀಸೆಯು ಮೈಸೂರಿನದು, ಎದುರಿಗೆ ನಿಂತವನು ತೆಲುಗನೋ ಕನ್ನಡಿಗನೋ ಎಂಬುದನ್ನು ಅದು ಕೇಳುವುದಿಲ್ಲ. ವಿದ್ಯಾರ್ಥಿಗಳು ಮುಂದಿನ ಚುನಾವಣೆಯ ದಿನ ಮನೆಯ ಹಿರಿಯರ ಬೆರಳಿನ ಗೆರೆಯನ್ನು ನೋಡಿ, ಅದು ಎಷ್ಟು ದಿನಗಳವರೆಗೆ ಉಳಿಯುವುದೆಂದು ದಿನವೂ ಗುರುತಿಟ್ಟುಕೊಳ್ಳಲಿ. ಪ್ರಮಾಣಿಸಿ ನೋಡುವ ಅಭ್ಯಾಸಕ್ಕೆ ಅದು ಒಳ್ಳೆಯ ಆರಂಭವಾದೀತು.